ಶ್ರೀನಿವಾಸಪುರದ ಮಾವಿಗೆ ನಾನು ಮಾಡಿಸಿದ ರಾಜಿ

ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ನಾವೆಲ್ಲ ಪುಕ್ಕಟೆ ಬರೆಯುತ್ತಿದ್ದ ಕಾಲದಲ್ಲಿ, ಜಗಳ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಕೋಲಾರ ಜಿಲ್ಲೆಯಲ್ಲೇ ಇರಲಿಲ್ಲ. ಶ್ರೀನಿವಾಸಪುರದ ಮೇಷ್ಟ್ರು ಮಾವಿನ ಬಗ್ಗೆ ಬರೆದದ್ದನ್ನು ಮುಳಬಾಗಿಲಿನ ಗುಮಾಸ್ತರು ಹೇಳದೆ ಕೇಳದೆ ಅಳಿಸಿದ್ದರು. ಮೇಷ್ಟ್ರು ಬರೆಯುವುದನ್ನೇ ಬಿಡುತ್ತೇನೆಂದು ಕೂತರು. ಇಬ್ಬರನ್ನೂ ಕೋಲಾರದ ಹೋಟೆಲಿಗೆ ಕರೆಸಿದೆ.

"ಅಳಿಸೋ ಮುಂಚೆ ಒಂದು ಮಾತು ಕೇಳೋ ಮರ್ಯಾದೆ ಬೇಡ್ವಾ ಸಾರ್?"

"ಹತ್ತು ಸಾಲಲ್ಲಿ ಒಂಬತ್ತು ನಿಮ್ಮ ಬೀಗರ ತೋಟದ್ದೇ ಇತ್ತಲ್ಲ ಮೇಷ್ಟ್ರೇ!"

ಒಪ್ಪಿಗೆಯಿಲ್ಲದೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಟ್ಟಕೂಡದೆಂದು ತೀರ್ಪು ಕೊಟ್ಟೆ. ಇಬ್ಬರೂ ಕೈ ಕುಲುಕಿದರು.

ಆಮೇಲೆ ಲೇಖನದ ಬಗ್ಗೆ ಬರೆಯುವವರು ಮಾತಾಡಿಕೊಳ್ಳುವ ಚರ್ಚಾಪುಟದ ತುಂಬ ಮರ್ಯಾದೆಯೋ ಮರ್ಯಾದೆ. "ತಾವೇ ತಿದ್ದಿ ಸಾರ್." "ಛೆ ಛೆ, ಹಿರಿಯರು ತಾವು, ತಾವೇ ಮೊದಲು."

ವರ್ಷವಾದರೂ ಲೇಖನ "ಮಾವು ಒಂದು ಹಣ್ಣು" ಎಂಬಲ್ಲೇ ನಿಂತಿತ್ತು. ಅದರಲ್ಲಿ ತಪ್ಪು ಹುಡುಕಿ ನೋಡೋಣ!