ಗೋವರ್ಧನ ಕಲಿಸಿದ ಬ್ರೇಕು

ನಾವುಂದದ ಗೋವರ್ಧನ ಗಾಡಿಯನ್ನು ಎಷ್ಟು ಚೆನ್ನಾಗಿ ಓಡಿಸುತ್ತಾನೆ ಎಂದು ಯಾರೂ ಹೊಗಳಿದ್ದಿಲ್ಲ. ಎಷ್ಟು ಚೆನ್ನಾಗಿ ನಿಲ್ಲಿಸುತ್ತಾನೆ ಎಂದೇ ಹೊಗಳುವುದು. ಓಡಿಸುವವರಿಗೆ ನಮ್ಮಲ್ಲಿ ಬರಗಾಲವಿಲ್ಲ, ಕುಂದಾಪುರದಿಂದ ಬೈಂದೂರಿಗೆ ಹೋಗುವ ಯಾವ ಬಸ್ಸು ಹತ್ತಿದರೂ ಅದು ತಿಳಿಯುತ್ತದೆ. ನಿಲ್ಲಿಸಬಲ್ಲವರು ಕಡಿಮೆ.

ಅವನು ಮೀನಿನ ಗಾಡಿ ಹತ್ತಿದ್ದು 1997ರಲ್ಲಿ. ಗಂಗೊಳ್ಳಿಯಲ್ಲಿ ಬಂಗುಡೆ ತುಂಬಿಸಿ, ಮೇಲೆ ಮಂಜುಗಡ್ಡೆ ಸುರಿದು, ಘಾಟಿ ದಾಟಿ ಶಿವಮೊಗ್ಗಕ್ಕೆ ಮುಟ್ಟಿಸುವುದು ಕೆಲಸ. ಮೀನು ಕಾಯುವುದಿಲ್ಲ, ಮಾಲೀಕನೂ ಕಾಯುವುದಿಲ್ಲ. ಬ್ರೇಕು ಮಾತ್ರ ತನಗೆ ಪುರುಸೊತ್ತಾದಾಗ ಹಿಡಿಯುತ್ತಿತ್ತು. ಹೊಸದಾಗಿ ಹೋದವರು ಘಾಟಿಯ ಮಳೆಯಲ್ಲಿ ಹೆದರಿ ಪೆಡಲನ್ನು ಒಮ್ಮೆಲೇ ತುಳಿದು ಹಿಡಿಯುತ್ತಿದ್ದರು. ಚಕ್ರ ಕಚ್ಚಿಕೊಳ್ಳುತ್ತಿತ್ತು, ಗಾಡಿ ಜಾರಿಕೊಂಡು ಚರಂಡಿಗೆ ಹೋಗುತ್ತಿತ್ತು. ಗೋವರ್ಧನ ಹಾಗೆ ಮಾಡುತ್ತಿರಲಿಲ್ಲ. ತುಳಿಯುವುದು, ಬಿಡುವುದು, ಮತ್ತೆ ತುಳಿಯುವುದು. ಇದಕ್ಕೆ ಪಂಪ್ ಮಾಡುವುದು ಎಂದು ಹೆಸರು. ಅಷ್ಟು ವರ್ಷದಲ್ಲಿ ಅವನ ಗಾಡಿ ಒಂದು ಕೋಳಿಯನ್ನೂ ಮುಟ್ಟಲಿಲ್ಲ.

ಪುರುಸೊತ್ತಿದ್ದಾಗ ಕೋಟೇಶ್ವರದ ಬಯಲಿನಲ್ಲಿ ಒಂದು ಹಳೇ ಕಾರಿಟ್ಟುಕೊಂಡು ಬೇಕೆಂದವರಿಗೆ ಡ್ರೈವಿಂಗ್ ಕಲಿಸಿದ. ನಾನೂ ಅಲ್ಲೇ ಕಲಿತವನು. ಕ್ಲಚ್ಚು, ಗೇರು ಹೇಗೂ ಕೈಗೆ ಬರುತ್ತದೆ, ಬ್ರೇಕಿಗೆ ಮಾತ್ರ ಗುರು ಬೇಕು ಎನ್ನುವುದು ಅವನ ಮಾತು. ಹೀಗೆ ಕುಂದಾಪುರದ ಸುತ್ತಮುತ್ತ ಸ್ಟೇರಿಂಗ್ ಹಿಡಿದವರ ಬಲಗಾಲಿಗೆಲ್ಲ ಗೋವರ್ಧನನೇ ಗುರುವಾದ. ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದ ಬಸ್ರೂರಿನ ರಾಜೀವ ಶೆಟ್ಟರು ಕೂಡ ರಜೆಯಲ್ಲಿ ಬಂದಾಗ ಅವನಿಂದಲೇ ಕಲಿತವರು.

ಆ ಶೆಟ್ಟರು 2015ರಲ್ಲಿ ಹೋಟೆಲನ್ನು ಮಗ ರೋಹನ್‌ಗೆ ಒಪ್ಪಿಸಿ ಹೆಂಡತಿ ಪ್ರಭಾವತಿಯೊಡನೆ ಊರಿಗೆ ಬಂದರು. ಜೊತೆಗೆ ಒಂದು ಹೊಸ ಕಾರೂ ಬಂತು. ಪೆಟ್ರೋಲಿನ ಜೊತೆ ಬ್ಯಾಟರಿಯೂ ದುಡಿಯುವ ಹೈಬ್ರಿಡ್. ಅಷ್ಟರಲ್ಲಿ ಗೋವರ್ಧನನ ಮಂಡಿ ಘಾಟಿ ಸಾಕು ಎಂದಿತ್ತು. ಗುರುವನ್ನೇ ಶೆಟ್ಟರು ಡ್ರೈವರಾಗಿ ಕರೆದರು. ಈ ವಯಸ್ಸಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಗಬೇಕು?

ಕಾರಿಗೂ ಅವನಿಗೂ ಮೊದಲ ದಿನವೇ ಸರಿಬರಲಿಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತರೆ ಇಂಜಿನ್ ತಾನಾಗಿ ಬಂದ್. ನಿಂತಲ್ಲಿ ಪೆಟ್ರೋಲ್ ಉಳಿಸುವುದು ಆ ಕಾರಿನ ಗುಣ. ಕಾರು ಕೆಟ್ಟಿತೆಂದು ಇವನು ಇಳಿದು ಬಾನೆಟ್ ಎತ್ತಿದ. ಹಿಂದೆ ಹಾರ್ನಿನ ಮೇಳ. ಶೆಟ್ಟರು ವಿವರಿಸಿದ ಮೇಲೆ, ಯಜಮಾನ ಹೇಳದೆ ಕೆಲಸ ನಿಲ್ಲಿಸುವ ಆಳನ್ನು ತಾನು ನಂಬುವುದಿಲ್ಲ ಎಂದ.

ನಿಜವಾದ ಜಗಳ ಶುರುವಾದದ್ದು ಬ್ರೇಕಿನಲ್ಲಿ. ಹೆದ್ದಾರಿ ಅಗಲವಾಗುತ್ತಿದ್ದ ಕಾಲ ಅದು. ಅಗಲವಾಗುವ ಮೊದಲು ಅದು ಎಷ್ಟು ಸಪೂರವಾಯಿತು ಎನ್ನುವುದು ನಮಗೇ ಗೊತ್ತು. ಕೋಟೇಶ್ವರದ ಬಳಿ ಜಲ್ಲಿ ಹರಡಿದ ಜಾಗದಲ್ಲಿ ಬಸ್ಸೊಂದು ಅಡ್ಡ ಬಂತು. ಗೋವರ್ಧನ ಬ್ರೇಕ್ ತುಳಿದ. ಪೆಡಲು ಕಾಲಿನಡಿ ಕರಕರ ನಡುಗಿತು. ಗಾಬರಿಯಾಗಿ ಕಾಲೆತ್ತಿದ, ಮತ್ತೆ ತುಳಿದ, ಮತ್ತೆ ನಡುಗಿತು. ಕಾರು ಬಸ್ಸಿನ ಬಂಪರಿಗೆ ಮುತ್ತಿಡುವಷ್ಟು ಹತ್ತಿರ ಹೋಗಿ ನಿಂತಿತು. ಬ್ರೇಕಿಗೆ ಚಳಿಜ್ವರ ಬಂದಿದೆ ಎಂದು ಗುರು ಹೇಳಿದ, ಹಿಂದೆ ಕುಳಿತಿದ್ದ ಶಿಷ್ಯ ಶೆಟ್ಟರು ಒಪ್ಪಿದರು.

ಗೋವರ್ಧನ ಒಬ್ಬನೇ ಕಾರನ್ನು ಒಯ್ದಾಗ ಶೋರೂಮಿನವರು ಬೇರೆಯೇ ಹೇಳಿದರು. ಅದು ಎ.ಬಿ.ಎಸ್., ಚಕ್ರ ಕಚ್ಚಿಕೊಳ್ಳಲು ಹೊರಟರೆ ಕಾರೇ ಹಿಡಿದು ಬಿಟ್ಟು ಮಾಡುತ್ತದೆ, ಮನುಷ್ಯನ ಕಾಲಿಗಿಂತ ಎಷ್ಟೋ ಬೇಗ. ಡ್ರೈವರ್ ಮಾಡಬೇಕಾದದ್ದು ಗಟ್ಟಿಯಾಗಿ ತುಳಿದು ಹಿಡಿಯುವುದು, ಅಷ್ಟೇ. ನಡುಗಿದರೂ ಬಿಡಬಾರದು.

ಅಂದರೆ ಘಾಟಿಯಲ್ಲಿ ಇಷ್ಟು ವರ್ಷ ಕಲಿತದ್ದನ್ನು ಕಾರು ಹುಟ್ಟುವಾಗಲೇ ಕಲಿತು ಬಂದಿತ್ತು. ಇದನ್ನು ಯಾವ ಗುರು ಸಹಿಸುತ್ತಾನೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವನಿಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು, ಕುಣಿಯುವುದೇ ಬೇಡ ಎಂದದ್ದು ನೆಲ.

ಕೋಟೇಶ್ವರದಲ್ಲಿ ನನ್ನದು ಬಿಡಿಭಾಗದ ಅಂಗಡಿ. ಪಕ್ಕದಲ್ಲೇ ವಾಹನಗಳ ವಯರಿಂಗ್ ನೋಡುವ ಸೋಮನ ಗ್ಯಾರೇಜು. ಅವನೂ ಗೋವರ್ಧನನ ಶಿಷ್ಯನೇ. ಒಂದು ಮಧ್ಯಾಹ್ನ ಗೋವರ್ಧನ ಕಾರು ತಂದು ನಿಲ್ಲಿಸಿ, ಈ ನಡುಕ ಬಿಡಿಸಲು ಮದ್ದುಂಟಾ ಎಂದು ಕೇಳಿದ. ಒಂದು ಫ್ಯೂಸ್ ಕಿತ್ತರೆ ಎ.ಬಿ.ಎಸ್. ಸತ್ತುಹೋಗುತ್ತದೆ, ಬ್ರೇಕು ಹಳೇ ಕಾರಿನ ಬ್ರೇಕಿನಂತೆ ಆಗುತ್ತದೆ ಎಂದ ಸೋಮ. ಕಿತ್ತೂಬಿಟ್ಟ. ಆಗ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿ, ಆರುವುದೇ ಇಲ್ಲವೆಂದು ಹಟ ಹಿಡಿಯಿತು. ಅದಕ್ಕೂ ನಮ್ಮಲ್ಲಿ ಮದ್ದುಂಟು. ಕಾರಿನಲ್ಲೇ ಇದ್ದ ಆನೆಗುಡ್ಡೆ ಗಣಪತಿಯ ಸಣ್ಣ ಸ್ಟಿಕ್ಕರನ್ನು ಗೋವರ್ಧನ ಸರಿಯಾಗಿ ಅದರ ಮೇಲೆ ಅಂಟಿಸಿ ಕೈಮುಗಿದ. ಶೆಟ್ಟರಿಗೆ ಬ್ರೇಕು ಸರಿಯಾಯಿತು ಎಂದಷ್ಟೇ ಹೇಳಿದ. ಡ್ರೈವರನಿಗೆ ಇಷ್ಟು ಭಕ್ತಿ ಇರುವುದು ಒಳ್ಳೆಯದೇ ಎಂದು ಅವರಿಗೆ ಸಂತೋಷವಾಯಿತು.

ಇನ್ನು ಪ್ರಭಾವತಿಯಮ್ಮನ ವಿಷಯ. ಮುಂಬೈಯಲ್ಲಿ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಒಬ್ಬರೇ ಎಲ್ಲೆಂದರಲ್ಲಿ ಹೋಗಿಬರುತ್ತಿದ್ದ ಹೆಂಗಸು ಅವರು. ಬಸ್ರೂರಿನ ದೊಡ್ಡ ಮನೆಗೆ ಬಂದ ಮೇಲೆ, ಬ್ರಹ್ಮಾವರದಲ್ಲಿರುವ ತಂಗಿ ವನಜಳ ಮನೆಗೆ ಹೋಗಲೂ ಗಂಡನ ಕೆಲಸ ಮುಗಿಯಿತಾ, ಡ್ರೈವರನ ಊಟವಾಯಿತಾ ಎಂದು ಕೇಳಬೇಕು. ಹೋದರೂ ಹೊರಗೆ ಕಾರು ಕಾಯುತ್ತಿದೆ ಎಂದು ಅರ್ಧ ಮಾತಿಗೇ ಏಳಬೇಕು. ಅವರಿಗೆ ಬೇಕಾದದ್ದು ಇಷ್ಟೇ: ತಾನೇ ಕಾರು ಬಿಟ್ಟುಕೊಂಡು ತಂಗಿಯ ಮನೆಗೆ ಹೋಗಬೇಕು, ಬೇಕಾದಷ್ಟು ಹೊತ್ತು ಕುಳಿತು ಬರಬೇಕು. ಊರಿಗೆ ಬರುವ ಮೊದಲೇ ರೋಹನ್ ಇಂಥದೇ ಕಾರಿನಲ್ಲಿ ಅವರಿಗೆ ಕಲಿಸಿದ್ದ, ಲೈಸೆನ್ಸೂ ಇತ್ತು. ಏನಾದರೂ ಅಡ್ಡ ಬಂದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿ, ಏನೇ ಆದರೂ ಬಿಡಬೇಡ ಎನ್ನುವುದು ಮಗನ ಪಾಠ.

ಪಕ್ಕದಲ್ಲಿ ಕುಳಿತು ರೂಢಿ ಮಾಡಿಸುವಾಗ ಗೋವರ್ಧನ ಪಂಪ್ ಮಾಡಿ ಎಂದು ಹೇಳಿಯೇ ಹೇಳಿದ. ರೋಹನ್ ಹಾಗೆ ಹೇಳಿಕೊಟ್ಟಿಲ್ಲ ಎಂದು ಅವರು ನಕ್ಕರು. ನಿಮ್ಮ ಮಗ ಹೇಳಿದ್ದು ಮುಂಬೈ ರಸ್ತೆಗೆ ಎಂದ ಇವನು. ಈ ಕಾರಿನಲ್ಲಿ ಮಗನ ಪಾಠ ಈಗ ನಡೆಯುವುದಿಲ್ಲ, ಅದನ್ನು ನಡೆಸುವ ಫ್ಯೂಸ್ ಕಿತ್ತಾಗಿದೆ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅಮ್ಮ ಕಾರು ಕಲಿತರೆ ತನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅವನಿಗಿತ್ತು, ನಿಜ. ಆದರೆ ಬಾಯಿ ಕಟ್ಟಿದ್ದು ಹೆದರಿಕೆಯಲ್ಲ. ಗುರುವಿನ ಬಿಂಕ. ಕೆಡುಕು ಬಯಸುವವನಾಗಿದ್ದರೆ ನನಗೆ ಅವನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಳೆಗಾಲದ ಮೊದಲ ವಾರ ಗೋವರ್ಧನ ನಾವುಂದದಲ್ಲಿ ಮದುವೆಗೆಂದು ರಜೆ ಹಾಕಿದ. ಶೆಟ್ಟರು ಯಾರದೋ ಜೊತೆ ಬೈಂದೂರಿಗೆ ಹೋಗಿದ್ದರು. ಪ್ರಭಾವತಿಯಮ್ಮ ಕೀಲಿ ತೆಗೆದುಕೊಂಡು, ಬರುತ್ತಿದ್ದೇನೆ ಎಂದು ತಂಗಿಗೆ ಫೋನು ಮಾಡಿ ಹೊರಟರು. ಹೆದ್ದಾರಿಯಲ್ಲಿ ಕೋಟ ದಾಟಿದ ಮೇಲೆ, ಕೆಂಪು ಮಣ್ಣು ಕೆಸರಾಗಿ ಡಾಮರಿನ ಮೇಲೆ ಹರಿದಿದ್ದ ಜಾಗದಲ್ಲಿ ಒಂದು ದನ ಮಲಗಿತ್ತು. ಅವರು ಮಗ ಕಲಿಸಿದಂತೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದರು. ಚಕ್ರ ಕಚ್ಚಿತು. ಕಾರು ಅಡ್ಡಡ್ಡ ಜಾರಿ ರಸ್ತೆ ಬದಿಯ ಮಣ್ಣಿನ ರಾಶಿಗೆ ಹೊಡೆಯಿತು. ಅವರ ಎಡಗೈ ಮುರಿಯಿತು. ದನ ಎದ್ದು ಮೈಕೊಡವಿ ಅದರ ಪಾಡಿಗೆ ಹೋಯಿತು.

ಆಸ್ಪತ್ರೆಗೆ ನೋಡಲು ಹೋದವರೆಲ್ಲ ಗೋವರ್ಧನನ ಶಿಷ್ಯರೇ. ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ತೀರ್ಪು: ಪಂಪ್ ಮಾಡಬೇಕಿತ್ತು. ಒತ್ತಿ ಹಿಡಿದರೆ ಜಾರದೆ ಇನ್ನೇನಾಗುತ್ತದೆ? ಶೆಟ್ಟರೂ ಅದನ್ನೇ ಹೇಳಿದರು, ಮಗನಿಗೆ ಫೋನಿನಲ್ಲಿ ಬೈದರು. ರೋಹನ್, ಅದು ಹಾಗೆ ಜಾರುವ ಕಾರೇ ಅಲ್ಲ ಎಂದು ವಾದಿಸಿದನಂತೆ. ಜಾರಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿರುವಾಗ ಅವನ ಮಾತನ್ನು ಯಾರು ಕೇಳುತ್ತಾರೆ? ಗೋವರ್ಧನ ಮಂಚದ ಹತ್ತಿರ ನಿಂತಿದ್ದ. ಇನ್ನು ಮೇಲೆ ಆ ಕಾರನ್ನು ನೀವೊಬ್ಬರೇ ಬಿಡುವುದು ಎಂದು ಶೆಟ್ಟರು ಎಲ್ಲರೆದುರು ಅವನಿಗೆ ಹೇಳಿದರು. ಅವನ ಹೆಸರೂ ಉಳಿಯಿತು, ಕೆಲಸವೂ ಉಳಿಯಿತು. ಮುಖ ಮಾತ್ರ ಸುಣ್ಣವಾಗಿತ್ತು.

ಜಜ್ಜಿದ ಬಾಗಿಲು ಸರಿಮಾಡಿಸಿ ಕಾರನ್ನು ಅವನು ನೇರ ಸೋಮನ ಗ್ಯಾರೇಜಿಗೆ ತಂದ. ಫ್ಯೂಸನ್ನು ತಾನೇ ಮತ್ತೆ ಸಿಕ್ಕಿಸಿದ. ನಾನು ಅಂಗಡಿಯಿಂದ ಇಳಿದು ಹೋಗಿ, ಅಮ್ಮನಿಗೆ ಹೇಳುವುದಿಲ್ಲವಾ ಎಂದು ಕೇಳಿದೆ.

"ಹೇಳ್ತೆ," ಎಂದ. "ಅವ್ರ್ ಒಂದ್ ಸಲ ಕಾರ್ ಬಿಡ್ಲಿ, ಮತ್ತೆ ಹೇಳ್ತೆ."

ಅಂದಿನಿಂದ ಅವನು ಪೆಡಲನ್ನು ಒತ್ತಿ ಹಿಡಿದೇ ಬ್ರೇಕ್ ಹಾಕಿದ, ಅದು ನಡುಗಿದರೂ ಕಾಲು ತೆಗೆಯಲಿಲ್ಲ. ನನಗೂ ಸೋಮನಿಗೂ ಬಿಟ್ಟು ಶಿಷ್ಯರು ಯಾರಿಗೂ ಇದು ಗೊತ್ತಾಗಲಿಲ್ಲ, ಅವರು ಈಗಲೂ ಪಂಪ್ ಮಾಡುತ್ತಿದ್ದಾರೆ.

ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ವನಜಳ ಮನೆಗೆ ಹೊರಡುವ ದಿನ ಬಂತು. ಕೋಟೇಶ್ವರದ ಅಂಗಡಿಯವರೆಗೆ ಅದೇ ಕಾರಿನಲ್ಲಿ ಹೋಗೋಣವೆಂದು ನಾನೂ ಶೆಟ್ಟರ ಅಂಗಳದಲ್ಲಿ ಕಾಯುತ್ತಿದ್ದೆ. ಗೋವರ್ಧನ ಡ್ರೈವರ್ ಸೀಟಿನ ಬಾಗಿಲು ತೆರೆದಿಟ್ಟು ಕೀಲಿಯನ್ನು ಅಮ್ಮನ ಮುಂದೆ ಹಿಡಿದ.

"ಅಮ್ಮ, ಇವತ್ ನೀವೇ ಬಿಡಿ. ನಾ ಬದಿಯಂಗೆ ಕೂಕಂತೆ. ರೋಹನ್ ಹೇಳಿದ್ದೇ ಸಮ. ಒತ್ತಿ ಹಿಡ್ಕಣಿ, ಕಾಲ್ ತೆಗುಕಾಗ."

ಪ್ರಭಾವತಿಯಮ್ಮ ಕೀಲಿ ಮುಟ್ಟಲಿಲ್ಲ. ತನಗೆ ಸಮಾಧಾನವಾಗಲಿ ಎಂದು ಈ ಮನುಷ್ಯ ತನ್ನ ವಿದ್ಯೆಯನ್ನೇ ಸುಳ್ಳು ಮಾಡಿಕೊಳ್ಳುತ್ತಿದ್ದಾನೆ ಎಂದು ಅವರು ತಿಳಿದಿರಬೇಕು. ಅವನನ್ನು ನೋಡಿದ ಆ ನೋಟದಲ್ಲಿ ಎಷ್ಟು ಗೌರವವಿತ್ತೆಂದರೆ ನನಗೇ ತಲೆ ಎತ್ತಲಾಗಲಿಲ್ಲ.

"ನೀವ್ ಅಷ್ಟ್ ಸಲ ಹೇಳಿದ್ರಿ, ಗೋವರ್ಧನಣ್ಣ. ನಾನೇ ಕೇಂಡಿಲ್ಲೆ," ಎಂದರು. "ನಂಗೆ ಬ್ರೇಕ್ ಹಾಕುಕೆ ಬತ್ತಿಲ್ಲೆ."

ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತರು. ಗೋವರ್ಧನ ಚಾಚಿದ ಕೈಯನ್ನು ಕೀಲಿಯ ಸಮೇತ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಸ್ಟೇರಿಂಗ್ ಹಿಂದೆ ಕುಳಿತು ಕಾರು ಹೊರಡಿಸಿದ.