ಅತ್ತೆ ಕರೆದುಕೊಂಡು ಹೋದ ಸಂಘ

ಸಾದಲಿ ಊರಿನ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳಿಗೆ ರೋಗ ಬಂದ ಬೆಳಿಗ್ಗೆ ನನ್ನ ಗಂಡ ನನ್ನ ಕೈ ಮುರಿದ. ಹುಳುಗಳು ಊದಿಕೊಂಡು ಒಡೆದು, ತಟ್ಟೆಗಳ ತುಂಬ ಹಾಲಿನಂಥ ಕೀವು ಹರಿದಿತ್ತು. ಮುಟ್ಟಾದವಳು ಹುಳುಮನೆಗೆ ಕಾಲಿಟ್ಟಿದ್ದಕ್ಕೇ ಹೀಗಾಯಿತೆಂದು ಕೂಗಿದ. ನಾನು ಕಾಲಿಟ್ಟಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದಾಗಲೇ ಮೊದಲ ಏಟು ಬಿತ್ತು. ಜಡೆ ಹಿಡಿದೆಳೆದು ನನ್ನ ಮುಖವನ್ನು ಆ ಸತ್ತ ಹುಳುಗಳ ಮೇಲೆ ತಿಕ್ಕಿದ. ಬಿಡಿಸಿಕೊಂಡು ಓಡಿದೆ. ಹಿತ್ತಿಲಲ್ಲಿ ಕೆಡವಿಕೊಂಡು ಬಿದಿರಿನ ಗಳದಿಂದ ಬಡಿದ. ತಲೆ ಉಳಿಯಲೆಂದು ಅಡ್ಡ ಹಿಡಿದ ಎಡಗೈ ಲಟಕ್ಕೆಂದಿತು.

ನೆರೆಯವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಅತ್ತೆ ಒಳಗಿನಿಂದ ಓಡಿಬಂದು ನನ್ನ ಮೇಲೆ ಬಿದ್ದುಕೊಂಡರು. ಅವರ ಬೆನ್ನಿಗೂ ಏಟು ಬಿತ್ತು. ಕೈ ಸೋತ ಮೇಲೆ ಅವನು ಗಳ ಎಸೆದು ಹೊರಟುಹೋದ.

"ಹೆಂಗಸು ತಡ್ಕೋಬೇಕು" ಎಂದು ಮದುವೆಯಾದಂದಿನಿಂದ ನನಗೆ ಹೇಳುತ್ತಿದ್ದವರು ಇದೇ ಅತ್ತೆ. ಅವತ್ತು ಹಳೇ ಸೀರೆ ಹರಿದು ನನ್ನ ಕೈಗೆ ಕಟ್ಟಿ, "ನಡಿ ಅಮ್ಮಾಯಿ, ಬಸ್ಸಿಗೆ ಹೋಗಣ" ಅಂದರು.

"ನಮ್ಮಮ್ಮನ ಮನೆಗಾ?"

"ಅವರು ಪ್ರತಿ ಸಲಾನೂ ವಾಪಸ್ ಕಳ್ಸಿಲ್ವಾ? ಚಿಕ್ಕಬಳ್ಳಾಪುರದಾಗೆ ಹೆಂಗಸರ ಸಂಘ ಐತಂತೆ. ಹಾಲಿನ ಡೈರಿ ಹತ್ರ ಮಾತಾಡ್ತಿದ್ರು."

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಕಟ್ಟು ಹಾಕಿಸಿ, ಕೇಳಿಕೊಂಡು ಕೇಳಿಕೊಂಡು ಸಂಘ ಹುಡುಕಿದೆವು. ಗಲ್ಲಿಯೊಳಗೆ ಒಂದೇ ಕೋಣೆ. ಅಲ್ಲಿದ್ದ ನಡುವಯಸ್ಸಿನ ಹೆಂಗಸು ಯಾರು ಹೊಡೆದರೆಂದು ಕೇಳಿದರು.

"ನನ್ ಮಗ" ಅಂದರು ಅತ್ತೆ.

ಆಕೆ ನಮ್ಮನ್ನು ಪೊಲೀಸ್ ಠಾಣೆಗೆ ಕರೆದೊಯ್ದರು. ಸಾಹೇಬರು ನಕ್ಕು, "ಮಗನ ಮೇಲೆ ತಾಯೀನೇ ಕಂಪ್ಲೇಂಟಾ?" ಎಂದರು. ಸಂಘದಾಕೆ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಸಾಹೇಬರು ನನ್ನ ಗಂಡನಿಗೆ ಹೇಳಿಕಳಿಸಿದರು. ಮರುದಿನ ಬಂದವನು ಎಲ್ಲರೆದುರು ನನ್ನ ಕಾಲು ಹಿಡಿದು ಗೊಳೋ ಎಂದು ಅತ್ತ. ಸಾಹೇಬರು, "ಇನ್ನೇನಮ್ಮ, ಮನೆಗೆ ಹೋಗು" ಅಂದರು. ನನ್ನ ಮನಸ್ಸು ಕರಗುತ್ತಿತ್ತು.

"ಇವರಪ್ಪನೂ ಇಂಗೇ ಅಳ್ತಿದ್ದ ಕಣಮ್ಮ" ಅಂದರು ಅತ್ತೆ. "ತಾನು ಸಾಯೋವರ್ಗೂ ನನ್ನ ಹೊಡ್ದ. ಹೋಗ್ಬೇಡ."

ಅವನು ಚಂಗನೆ ಎದ್ದು ತಾಯಿಯ ಮುಖಕ್ಕೆ ಗುದ್ದಿದ. ಪೇದೆಗಳು ಹಿಡಿಯುವುದರೊಳಗೆ ಹೊಟ್ಟೆಗೆ ಒದ್ದ. ಅತ್ತೆಯ ಮೂಗಿನಿಂದ ಸುರಿದ ರಕ್ತ ಠಾಣೆಯ ನೆಲದ ಮೇಲೆ ಬಿತ್ತು. ಆಗ ದೂರು ಬರೆದುಕೊಂಡರು.

ಅವನು ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ನಾನು ಹಿಂದಿರುಗಲಿಲ್ಲ. ಕೈ ಕೂಡಿಕೊಳ್ಳುವವರೆಗೆ ಸಂಘದ ಕೋಣೆಯಲ್ಲಿದ್ದು, ಆಮೇಲೆ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಸೇರಿದೆ. ನನ್ನ ಜೊತೆಗಿರಿ ಎಂದು ಅತ್ತೆಯನ್ನು ಬೇಡಿಕೊಂಡೆ. "ಹಸ ನೋಡ್ಕೊಳ್ಳೋರು ಯಾರು?" ಎಂದು ಅವರು ಸಾದಲಿಗೆ ಹೊರಟುಹೋದರು.

ಮುಂದಿನ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ತುಟಿ ಹರಿದಿತ್ತು, ಮುಂದಿನ ಹಲ್ಲುಗಳು ಇರಲಿಲ್ಲ. ನಾನು ಅಳತೊಡಗಿದೆ.

"ಅಳೋದು ಆಮೇಲೆ" ಅಂದರು. "ಒಂದಿಷ್ಟು ರಾಗಿ ಅಂಬ್ಲಿ ಕಾಯ್ಸು. ಅಗಿಯೋಕಾಗಲ್ಲ."