ಮೇಲ್ಮನೆಯ ಗೋಲ್‌ಕೀಪರು

ಫುಟ್‌ಬಾಲ್ ಮೈದಾನದಲ್ಲಿ ಓಡುವವನಿಗಿಂತ, ಅಂಚಿನ ಸಿಮೆಂಟು ಮೆಟ್ಟಿಲ ಮೇಲೆ ಕೂತು ನೋಡುವವನಿಗೇ ಬೆವರು ಹೆಚ್ಚು. ನೀವು ಇದನ್ನು ಗಮನಿಸಿದ್ದೀರೋ ಇಲ್ಲವೋ, ನನ್ನ ಹೆಂಡತಿ ವಿಮಲಾ ಗಮನಿಸಿದ್ದಾಳೆ. ಪ್ರತಿ ಭಾನುವಾರ ಪಂದ್ಯ ಮುಗಿಸಿ ಮನೆಗೆ ಬಂದಾಗ ನನ್ನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಆಡಿದ್ದು ಅವರು, ನೆಂದಿದ್ದು ಇದು ಯಾಕೆ?" ಎಂದು ಕೇಳುತ್ತಾಳೆ. ಅಭಿಪ್ರಾಯ ವ್ಯಕ್ತಪಡಿಸುವುದೂ ಒಂದು ವ್ಯಾಯಾಮವೇ ಎಂದು ಅವಳಿಗೆ ಮನವರಿಕೆ ಮಾಡಿಕೊಡಲು ನನ್ನಿಂದ ಈವರೆಗೆ ಆಗಿಲ್ಲ.

ವಿಜಯನಗರದ ನಮ್ಮ ಬಡಾವಣೆಯಲ್ಲಿ ಫುಟ್‌ಬಾಲನ್ನು ಪ್ರೀತಿಸುವುದು ಅಲ್ಪಸಂಖ್ಯಾತರ ಧರ್ಮ. ಒಂದೇ ಮೈದಾನದಲ್ಲಿ ಏಕಕಾಲಕ್ಕೆ ನಾಲ್ಕಾರು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುವ ಊರಿದು. ಆ ಸಂದಣಿಯ ನಡುವೆ ಭಾನುವಾರ ಬೆಳಗಿನ ಎರಡು ತಾಸನ್ನು ಕಾಡಿ ಬೇಡಿ ಗಿಟ್ಟಿಸಿಕೊಂಡಿರುವುದು ನಮ್ಮ 'ಪಡುವಣ ಯುವಕರ ಫುಟ್‌ಬಾಲ್ ಸಂಘ'. ನಗರದ ಪಶ್ಚಿಮಕ್ಕಿರುವ ಕಾರಣ ಸ್ಥಾಪಕರು ಪಡುವಣ ಎಂದು ಹೆಸರಿಟ್ಟರಂತೆ. ಪಾಡು ಪಡುವ ಕಾರಣ ಆ ಹೆಸರು ಉಳಿದುಕೊಂಡಿದೆ ಎಂಬುದು ನನ್ನ ವ್ಯುತ್ಪತ್ತಿ. ಎದುರಾಳಿಗಳು ಗೋಲು ಹೊಡೆಯುತ್ತಾರೆ, ನಾವು ಗೋಳು ತೋಡಿಕೊಳ್ಳುತ್ತೇವೆ. ಒಂದೇ ಒಂದು ಅಕ್ಷರದ ವ್ಯತ್ಯಾಸ!

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿ ನಿವೃತ್ತನಾದವನು. ಪಾಠ ಕೇಳುವವರು ಇಲ್ಲದಾದ ಮೇಲೂ ಕೊನೆಯ ಬೆಂಚಿಗೆ ಮುಟ್ಟಿಸುತ್ತಿದ್ದ ಧ್ವನಿ ಮಾತ್ರ ನಿವೃತ್ತಿಗೆ ಒಪ್ಪಲಿಲ್ಲ. ಅದಕ್ಕೊಂದು ವಿನಿಯೋಗ ಬೇಕಿತ್ತು. ಪಡುವಣ ತಂಡ ಆ ಕೊರತೆಯನ್ನು ಧಾರಾಳವಾಗಿ ನೀಗಿಸಿತು. ನಮ್ಮ ಮುಂಪಡೆಯ ಆಟಗಾರ ಚೆಂಡಿಗೆ ತಲೆ ಕೊಡುವ ಮುನ್ನ ಕೂದಲು ಸರಿಮಾಡಿಕೊಳ್ಳುತ್ತಾನೆ. ಎಡಬದಿಯಲ್ಲಿ ಓಡುವವನ ವೇಗ ಅಸಾಧಾರಣ, ಆದರೆ ಚೆಂಡನ್ನು ಹಿಂದೆಯೇ ಮರೆತು ಬರುತ್ತಾನೆ. ಇನ್ನು ಕೋಚ್ ಆರೋಗ್ಯಸ್ವಾಮಿ. ಬಿನ್ನಿಪೇಟೆಯಲ್ಲಿ ಹುಟ್ಟಿ, ಅಲ್ಲಿನ ಬಟ್ಟೆ ಗಿರಣಿ ಇನ್ನೂ ನಡೆಯುತ್ತಿದ್ದ ಕಾಲದ ಫುಟ್‌ಬಾಲು ಕಂಡ ಹಿರಿಯರು. ಹೆಸರಲ್ಲಿ ಆರೋಗ್ಯವಿದ್ದರೂ ಮೂಗಲ್ಲಿ ಸದಾ ನೆಗಡಿ. ಅವರು ಹಿಂಪಡೆಯ ನಾಲ್ವರನ್ನು ಸಾಲಾಗಿ ನಿಲ್ಲಿಸುವ ರೀತಿ ನೋಡಿದರೆ ಇನ್ನೇನು ಎಲೆ ಹಾಕಿ ಬಡಿಸುವುದೊಂದೇ ಬಾಕಿ ಅನ್ನಿಸುತ್ತದೆ. ಇವೆಲ್ಲವನ್ನೂ ನಾನು ಆಯಾ ಕ್ಷಣದಲ್ಲೇ, ಆಯಾ ವ್ಯಕ್ತಿಗೆ ಕೇಳಿಸುವ ಹಾಗೆ, ಸಾರ್ವಜನಿಕ ಹಿತದೃಷ್ಟಿಯಿಂದ ಹೇಳುತ್ತಿದ್ದೆ.

ಆದರೆ ನನ್ನ ವಿಶೇಷ ಅಧ್ಯಯನದ ವಿಷಯ ಗೋಲ್‌ಕೀಪರು. ಈರಣ್ಣನೆಂದು ಹೆಸರು, ಗದಗದ ಕಡೆಯವನು, ಊಟದ ಪೊಟ್ಟಣಗಳನ್ನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುವ ಕೆಲಸ ಎಂಬಷ್ಟು ವಿವರ ಪಕ್ಕದಲ್ಲಿ ಕೂರುತ್ತಿದ್ದ ಚಂದ್ರಪ್ಪನಿಂದ ತಿಳಿದಿತ್ತು. ಚಂದ್ರಪ್ಪ ಇಲ್ಲಿನ ಮೂಲನಿವಾಸಿ. ಮೈದಾನದ ಒಂದು ಪಾಲು ತನ್ನ ತಾತನ ರಾಗಿ ಹೊಲವಾಗಿತ್ತೆಂದು ಹೇಳಿಕೊಂಡು, ಕಾರ್ನರ್ ಕಿಕ್ ಆದಾಗಲೆಲ್ಲ ಆ ಮೂಲೆಯನ್ನು ಯಜಮಾನನ ಕಣ್ಣಿಂದ ನೋಡುತ್ತಿದ್ದ. ನಾವಿಬ್ಬರೂ ಗೋಲಿನ ಹಿಂದುಗಡೆಯೇ ಕೂರುತ್ತಿದ್ದೆವು. ಮಧ್ಯಂತರದಲ್ಲಿ ತಂಡ ದಿಕ್ಕು ಬದಲಿಸಿದರೆ ನಾವೂ ಎದ್ದು ಆಚೆ ತುದಿಗೆ ಹೋಗುತ್ತಿದ್ದೆವು. ವಿಮರ್ಶಕ ಕೃತಿಯ ಸಮೀಪವಿರಬೇಕಲ್ಲವೇ?

"ಎಡಗಡೆ ನೋಡಯ್ಯಾ! ಅಲ್ಲೊಬ್ಬ ನುಗ್ತಾ ಇದಾನೆ!" ಎಂದೂ, "ಮುಂದೆ ಬಾ, ಅದೇನು ಕಂಬಕ್ಕೆ ಕಟ್ಟಿಹಾಕಿದಾರಾ ನಿನ್ನ?" ಎಂದೂ ಕೂಗುತ್ತಾ ಕೂಗುತ್ತಾ, ಒಂದು ದಿನ ಅವನು ಸುಲಭದ ಚೆಂಡೊಂದನ್ನು ಕಾಲ ಸಂದಿಯಿಂದ ಬಿಟ್ಟಾಗ ನನ್ನೊಳಗಿನ ಕವಿ ಜಾಗೃತನಾದ. ಮಾಗಡಿ ರಸ್ತೆಯಲ್ಲೊಂದು ಟೋಲ್‌ಗೇಟ್ ಇದೆಯಷ್ಟೆ. ಹೆಸರಿಗೆ ಮಾತ್ರ ಗೇಟು, ಯಾರು ಬೇಕಾದರೂ ದಾಟಬಹುದು. "ಲೋ ಟೋಲ್‌ಗೇಟೂ!" ಎಂದು ಕೂಗಿದೆ. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಅಂದಿನಿಂದ ಈರಣ್ಣ ಟೋಲ್‌ಗೇಟ್ ಆದ. ನಾಮಕರಣದ ಕೀರ್ತಿಯಿಂದ ನಾನು ಕೆಲವು ವಾರ ಬೀಗಿದೆ.

ಹೀಗಿರಲು ನಮ್ಮ ಮನೆಯ ಮೇಲಿನ ಭಾಗ ಖಾಲಿಯಾಯಿತು. ಬಾಡಿಗೆದಾರರನ್ನು ಪರೀಕ್ಷಿಸುವ ಅಧಿಕಾರ ವಿಮಲಾಳದು. ನಾನು ಕೇಳುವ ಪ್ರಶ್ನೆಗಳಿಗೆ ಬಂದವರು ಉತ್ತರಿಸದೆ ಹೊರಟುಹೋಗುತ್ತಾರೆಂಬ ಅನುಭವದಿಂದ ಬಂದ ಕಾರ್ಯವಿಭಜನೆ ಅದು. ನಾನು ತಂಗಿಯ ಮನೆಗೆ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಅವಳು ಮನೆ ಕೊಟ್ಟಾಗಿತ್ತು.

"ಬಲು ಒಳ್ಳೆ ಹುಡುಗ ರೀ. ಗ್ಯಾಸ್ ಸಿಲಿಂಡರ್ ಒಂದೇ ಕೈಲಿ ಎತ್ತಿ ಒಳಗಿಟ್ಟ."

ಸಂತೋಷಪಟ್ಟು ಹಿತ್ತಿಲಿಗೆ ಹೋದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ, ವಿಮಲಾಳ ಎರಡು ಸೀರೆಗಳ ನಡುವೆ, ಒಂದು ಜೊತೆ ಹಸಿರು ಕೈಗವಸು ತೂಗಾಡುತ್ತಿತ್ತು. ಬಲಗೈಯ ಹೆಬ್ಬೆರಳಿಗೆ ಕಪ್ಪು ದಾರದ ಹೊಲಿಗೆ. ಆ ಹೊಲಿಗೆಯನ್ನು ನಾನು ಎಷ್ಟೋ ಭಾನುವಾರ ಹಿಂದಿನಿಂದ ನೋಡಿದ್ದೆ. 'ಅಲ್ಲಿ ತೂತಿದೆಯೇನೋ, ಚೆಂಡೆಲ್ಲ ಅದರಿಂದಲೇ ಸೋರುತ್ತೆ' ಎಂದು ಒಮ್ಮೆ ಟೀಕಿಸಿಯೂ ಇದ್ದೆ.

ಮೆಟ್ಟಿಲಿಳಿದು ಬಂದ ಈರಣ್ಣ ನನ್ನನ್ನು ಕಂಡು ಕೈಮುಗಿದ. "ನಮಸ್ಕಾರ್ರಿ ಸರ್ರ. ಅಮ್ಮಾರು ನಿಮ್ಮ ಬಗ್ಗೆ ಭಾಳ ಹೇಳ್ಯಾರ್ರಿ."

ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಧ್ವನಿ ಗುರುತಾಗುತ್ತದೆಂಬ ಭಯ. ತಲೆಯಾಡಿಸಿ, ಗಂಟಲಿನ ಕಡೆ ಬೆರಳು ತೋರಿಸಿ, ಒಳಗೆ ಹೋದೆ. ಸಂಜೆಗೆ ವಿಮಲಾ ಮೆಣಸಿನ ಕಷಾಯ ತಂದಿಟ್ಟಳು. ಇಲ್ಲದ ಗಂಟಲುನೋವಿಗೆ ಪೂರ್ತಿ ಲೋಟ ಕುಡಿಯಬೇಕಾಯಿತು.

ಬಾಡಿಗೆದಾರರಲ್ಲಿ ದೋಷ ಹುಡುಕುವುದು ಮನೆಮಾಲೀಕನ ಜನ್ಮಸಿದ್ಧ ಹಕ್ಕು. ಈ ಹುಡುಗ ಅದಕ್ಕೂ ಅವಕಾಶ ಕೊಡಲಿಲ್ಲ. ವಾರದೊಳಗೆ ಅವನು ನಮ್ಮ ನೀರಿನ ತೊಟ್ಟಿ ತೊಳೆದ, ನನ್ನ ಕನ್ನಡಕದ ತಿರುಪು ಬಿಗಿಮಾಡಿದ, ಊರಿಂದ ಬಂದ ಶೇಂಗಾ ಚಟ್ನಿಪುಡಿಯನ್ನು ವಿಮಲಾಳಿಗೆ ಕೊಟ್ಟು ಅವಳ ಪುಳಿಯೋಗರೆ ಗೊಜ್ಜು ಪಡೆದ. ಮಧ್ಯಾಹ್ನ ಎರಡೂವರೆಗೆ ಹೆಲ್ಮೆಟ್ ಕಳಚಿ ಬಂದು ಮೆಟ್ಟಿಲ ಮೇಲೆ ಕೂತು ಉಣ್ಣುವಾಗ, ಊರೆಲ್ಲ ಬಿಸಿ ಊಟ ಹಂಚಿ ಬಂದವನ ತಟ್ಟೆಯಲ್ಲಿ ತಣ್ಣಗಿನ ರೊಟ್ಟಿ ಇರುತ್ತಿದ್ದುದನ್ನು ನೋಡಲಾರದೆ ವಿಮಲಾ ಸಾರು ಕೊಡಲಾರಂಭಿಸಿದಳು.

ಇಂಥವನನ್ನು ಭಾನುವಾರ ಹೇಗೆ ಬೈಯುವುದು? ಅಭಿಪ್ರಾಯಕ್ಕೆ ದೂರ ಬೇಕು. ಸಾರು ಹಂಚಿಕೊಂಡ ಮೇಲೆ ವಸ್ತುನಿಷ್ಠತೆ ಉಳಿಯುವುದಿಲ್ಲ. ಮುಂದಿನ ಪಂದ್ಯಕ್ಕೆ ಹೋಗಿ, ಗೋಲಿನ ಹಿಂದೆ ಕೂತು, ಕರವಸ್ತ್ರ ಬಾಯಿಗಿಟ್ಟುಕೊಂಡೆ. ಬಲದಿಂದ ಎದುರಾಳಿಯೊಬ್ಬ ನುಗ್ಗಿದ. ಸುಮ್ಮನಿದ್ದೆ. ಗೋಲಾಯಿತು. ಎಡದಿಂದ ಮತ್ತೊಬ್ಬ. ಅದೂ ಆಯಿತು.

ಚಂದ್ರಪ್ಪ ನನ್ನ ಮುಖವನ್ನೇ ನೋಡಿದ. "ಏನ್ ಮೇಷ್ಟ್ರೇ, ಆರಾಮಿಲ್ವಾ? ಎರಡು ಗೋಲಾಯ್ತು, ಒಂದ್ ಮಾತಿಲ್ಲ."

"ಹುಡುಗರು ಪ್ರಯತ್ನ ಮಾಡ್ತಾ ಇದಾರೆ, ಚಂದ್ರಪ್ಪ."

"ಪ್ರಯತ್ನಾನಾ?" ಅವನು ಅಪಶಬ್ದ ಕೇಳಿದವನಂತೆ ಹಿಂದೆ ಸರಿದ. ಆಮೇಲೆ ಎದ್ದು ನಿಂತು, ನಾನೇ ಸೃಷ್ಟಿಸಿದ ಪದವನ್ನು ನನ್ನ ಕಿವಿಯ ಪಕ್ಕದಲ್ಲೇ ಕೂಗಿದ: "ಲೋ ಟೋಲ್‌ಗೇಟೂ!"

ನನಗೆ ಎಲ್ಲಿತ್ತೋ ಸಿಟ್ಟು. "ಹುಡುಗನಿಗೆ ಹಾಗೆಲ್ಲ ಅಡ್ಡಹೆಸರು ಇಡೋದು ಸಭ್ಯತೆಯಲ್ಲ ಕಣಯ್ಯಾ!" ಎಂದುಬಿಟ್ಟೆ. ಚಂದ್ರಪ್ಪ ಸೀದಾ ತನ್ನ ತಾತನ ಹೊಲದ ಮೂಲೆಗೆ ಹೋಗಿ ಒಬ್ಬನೇ ಕೂತ.

ಮೂರು ಪಂದ್ಯ ಹೀಗೇ ಕಳೆದವು. ಮೂರನ್ನೂ ಸೋತೆವು. ಲೀಗಿನ ಕೊನೆಯ ಪಂದ್ಯ ಕೆಂಗೇರಿಯ ತಂಡದೊಂದಿಗೆ. ಅದನ್ನೂ ಸೋತರೆ ಪಡುವಣ ಕೆಳಗಿನ ವಿಭಾಗಕ್ಕೆ ಜಾರಿಬೀಳುತ್ತಿತ್ತು, ಸಮವಾದರೆ ಸಾಕಿತ್ತು. ಆ ವಾರ ಒಂದು ಸಂಜೆ ಈರಣ್ಣ ಊಟಕ್ಕೆ ಬರಲಿಲ್ಲ. ವಿಮಲಾ ನನ್ನನ್ನು ಮೇಲೆ ಕಳಿಸಿದಳು. ಅವನು ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ, ಮಡಿಲಲ್ಲಿ ಕೈಗವಸು.

"ಯಾಕಯ್ಯಾ?" ಎಂದು ಧ್ವನಿಯನ್ನು ಆದಷ್ಟು ತಗ್ಗಿಸಿ ಕೇಳಿದೆ.

"ಕೋಚ್ ಸರ್ ಹೇಳಿದ್ರು, ಈ ಮ್ಯಾಚ್ ಒಂದ್ ನೋಡ್ತೀನಿ, ಮೊದಲನೇ ಹಾಫ್‌ನ್ಯಾಗ ತಪ್ಪಿದ್ರ ಬೆಂಚಿಗೆ ಕೂಡಸ್ತೀನಿ ಅಂತ." ತಲೆಯೆತ್ತದೆ ಕೇಳಿದ: "ಸರ್ರ, ಒಂದ್ ಮಾತು ಕೇಳ್ಲೇನ್ರಿ? ನನ್ನ ಮ್ಯಾಲೆ ಏನರ ಬ್ಯಾಸರ ಆಗೈತೇನ್ರಿ ನಿಮಗ?"

"ಛೆ, ನನಗ್ಯಾಕೆ ಬೇಸರ?"

"ಮತ್ತ ಒದರೂದು ಯಾಕ ಬಿಟ್ರಿ?"

ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. "ನಾನೇ ಅಂತ ನಿನಗೆ ಗೊತ್ತಿತ್ತಾ?"

"ಮನಿ ನೋಡಾಕ ಬಂದ ದಿನಾನ ಗೊತ್ತಾತ್ರಿ. ಗ್ವಾಡಿ ಮ್ಯಾಲೆ ನಿಮ್ ಫೋಟೋ ಇತ್ತಲ್ಲ. ಅದಕ್ಕ ಈ ಮನೀನ ಇರ್ಲಿ ಅಂದೆ." ಅವನ ಮುಖದಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. "ನನಗ ಎಡಗಡೆ ಕಣ್ಣಂಚಿನ್ಯಾಗ ಬರೋದು ಲಗೂನ ಕಾಣಂಗಿಲ್ರಿ. ನೀವು 'ಎಡಗಡೆ ನೋಡಯ್ಯಾ' ಅಂದ್ರ ನಾ ತಿರುಗ್ತಿದ್ದೆ. 'ಮುಂದ ಬಾ' ಅಂದ್ರ ಬರ್ತಿದ್ದೆ. ಹಿಂದ ಒಬ್ರು ಅದಾರ ಅನ್ನೂ ಧೈರ್ಯ ಇತ್ತು. ಈಗ ಹಿಂದ ಬರೇ ಗಾಳಿ ಬೀಸ್ತೈತ್ರಿ."

ಪ್ರಿಯ ಓದುಗರೇ, ನನ್ನ ಸುದೀರ್ಘ ಅಧ್ಯಾಪನ ಜೀವನದಲ್ಲಿ ನಾನು ಹೇಳಿದ್ದನ್ನು ಹೇಳಿದ ಕೂಡಲೇ ಕಾರ್ಯರೂಪಕ್ಕೆ ತಂದ ಏಕೈಕ ವಿದ್ಯಾರ್ಥಿಯನ್ನು ನಾನು ಆ ಸಂಜೆ, ನನ್ನದೇ ಮನೆಯ ಮೇಲ್ಮಹಡಿಯಲ್ಲಿ ಕಂಡೆ. ಕಣ್ಣು ಒದ್ದೆಯಾಯಿತೆಂದರೆ ಅತಿಶಯೋಕ್ತಿಯಲ್ಲ.

"ಟೋಲ್‌ಗೇಟ್ ಅಂದಿದ್ದಕ್ಕೆ ಬೇಜಾರಾಗ್ಲಿಲ್ವಾ?"

"ಮೊದ್ಲು ಆಗಿತ್ರಿ. ಆಮ್ಯಾಲೆ ಆ ಕಡೆ ಆರ್ಡರ್ ಮುಟ್ಟಿಸಾಕ ಹೋದಾಗ ಬೋರ್ಡ್ ನೋಡಿ ನನ್ನ ಹೆಸರ ಬರದಾರಲ್ಲ ಅಂತ ನಗೀ ಬಂತು."

ಭಾನುವಾರ ಬೆಳಿಗ್ಗೆ ಮಿಯ್ಯುವ ಮೊದಲೇ ಜೇನುತುಪ್ಪ ನೆಕ್ಕಿ ಗಂಟಲು ಸಿದ್ಧಪಡಿಸಿಕೊಂಡೆ. ವಿಷಯ ತಿಳಿದ ವಿಮಲಾ, "ನೀವು ಆ ಮಗೂನ ಹೇಗೆ ಬೈತೀರೋ ನಾನೂ ನೋಡ್ತೀನಿ" ಎಂದು ಮೊದಲ ಸಲ ಮೈದಾನಕ್ಕೆ ಹೊರಟಳು. ಚಂದ್ರಪ್ಪನ ಬಳಿ ಹೋಗಿ, "ಬಾರಯ್ಯಾ, ಇವತ್ತು ಕೂಗೋದಿದೆ" ಎಂದೆ. ಅವನು ಒಂದೂ ಪ್ರಶ್ನೆ ಕೇಳದೆ ಎದ್ದು ಬಂದು ಪಕ್ಕದಲ್ಲಿ ಕೂತ. ಸ್ನೇಹವೆಂದರೆ ಇದು.

ಮೊದಲ ಶಿಳ್ಳೆಗೇ ಶುರು ಮಾಡಿದೆ. "ಎಡಗಡೆ ನೋಡೋ ಟೋಲ್‌ಗೇಟೂ!" ಈರಣ್ಣನ ಬೆನ್ನು ನೆಟ್ಟಗಾಗಿದ್ದು ನನಗೆ ಕಾಣಿಸಿತು. ತಿರುಗಿದ, ಹಾರಿದ, ಹಿಡಿದ. ವಿಮಲಾ ನನ್ನ ಮೊಣಕೈ ಚಿವುಟಿದಳು. ನಾನು ಬಿಡಲಿಲ್ಲ. ನಮ್ಮ ಮುಂಪಡೆಯವನು ಕೂದಲಿನ ಚಿಂತೆ ಮರೆತು ಒಂದು ಗೋಲು ಹೊಡೆದ. ಕೆಂಗೇರಿಯವರೂ ಒಂದು ತೀರಿಸಿದರು. ಅಷ್ಟು ಹೊತ್ತಿಗೆ ವಿಮಲಾಳೇ ಎದ್ದು ನಿಂತು, "ಅಯ್ಯೋ ಮುಂದೆ ಬಾರೋ ಈರಣ್ಣಾ!" ಎಂದು ನನಗಿಂತ ಎತ್ತರದ ಶ್ರುತಿಯಲ್ಲಿ ಕೂಗುತ್ತಿದ್ದಳು.

ಪಂದ್ಯ ಮುಗಿಯಲು ಇನ್ನೇನು ಸ್ವಲ್ಪವೇ ಸಮಯವಿದ್ದಾಗ ನಮ್ಮ ಹಿಂಪಡೆಯವನೊಬ್ಬ ಎದುರಾಳಿಯ ಅಂಗಿ ಹಿಡಿದೆಳೆದ. ರೆಫರಿ ಪೆನಾಲ್ಟಿ ಕೊಟ್ಟರು. ಜೊತೆಗೆ, ಗೋಲಿನ ಹಿಂದೆ ಕೂತು ಗದ್ದಲ ಮಾಡುವವರೆಲ್ಲ ಎದ್ದು ಆಚೆ ಹೋಗಬೇಕೆಂದು ನನ್ನ ಕಡೆಗೇ ಕೈ ತೋರಿಸಿ ಆಜ್ಞಾಪಿಸಿದರು. ನಾನು ಪಂಚೆ ಎತ್ತಿಕಟ್ಟಿ ಅಂಚಿನುದ್ದಕ್ಕೂ ಓಡಿ, ಚೆಂಡು ಒದೆಯುವವನ ಬೆನ್ನು ಕಾಣುವಲ್ಲಿ, ಪಕ್ಕದ ಗೆರೆಯಾಚೆ, ಈರಣ್ಣನಿಗೆ ಮುಖಾಮುಖಿಯಾಗಿ ನಿಂತೆ. ಒದೆಯುವವನ ಪಾದ, ಸೊಂಟ, ಹೆಗಲು ಎಲ್ಲವನ್ನೂ ಪರಿಶೀಲಿಸಿ, ಹೇತು, ದೃಷ್ಟಾಂತ, ನಿಗಮನ ಎಲ್ಲವನ್ನೂ ಕ್ಷಣಾರ್ಧದಲ್ಲಿ ಪೂರೈಸಿ, ಶಕ್ತಿಯಿದ್ದಷ್ಟೂ ಕೂಗಿದೆ: "ಬಲಕ್ಕೆ!"

ಈರಣ್ಣ ಅಲ್ಲಾಡಲಿಲ್ಲ.

ಕೆಂಗೇರಿಯವನು ಓಡಿಬಂದು ಒದ್ದ. ಗೋಲ್‌ಕೀಪರ್ ಯಾವ ಕಡೆಗಾದರೂ ಹಾರಿಯೇ ಹಾರುತ್ತಾನೆಂದು ನಂಬಿ ನಟ್ಟನಡುವೆ ಒದ್ದ. ಚೆಂಡು ಈರಣ್ಣನ ಎದೆಗೆ ಬಡಿಯಿತು. ಅವನು ಅದನ್ನು ಮಗುವಿನಂತೆ ಅಪ್ಪಿಕೊಂಡು ಕೆಳಗೆ ಬಿದ್ದ. ನನ್ನ ಹಿಂದೆಯೇ ಓಡಿಬಂದಿದ್ದ ಚಂದ್ರಪ್ಪ ಖುಷಿಯಲ್ಲಿ ನನ್ನನ್ನು ಎತ್ತಿಕೊಂಡ. ಆರೋಗ್ಯಸ್ವಾಮಿ ಮೂಗೊರೆಸಿಕೊಳ್ಳುವುದನ್ನೂ ಮರೆತು, ಉಳಿದ ಆಟಗಾರರಿಗೆ, "ನೋಡ್ರೋ, ಗುಂಡಿಗೆ ಅಂದ್ರೆ ಅದು! ಹಂಗೆ ನಿಲ್ಲೋದು ಕಲೀರಿ!" ಎಂದು ಕೂಗುತ್ತಿದ್ದರು. ಪಂದ್ಯ ಸಮವಾಯಿತು. ಪಡುವಣ ಉಳಿಯಿತು.

ಸಂಜೆ ವಿಮಲಾ ಮಾಡಿದ ಅವರೆಕಾಳು ಉಪ್ಪಿಟ್ಟು ತಿನ್ನುತ್ತಾ ನಾನು ಅವನ ಸ್ಥಿತಪ್ರಜ್ಞತೆಯನ್ನು ಶ್ಲಾಘಿಸಿದೆ. ಈರಣ್ಣ ಸಂಕೋಚದಿಂದ ತಟ್ಟೆ ಕೆಳಗಿಟ್ಟ.

"ಅದೇನ್ ಇಲ್ರಿ ಸರ್ರ. ಯಾವಾಗ್ಲೂ ಹಿಂದ ಕುಂತು ಹೇಳ್ತಿದ್ರಿ, ಇವತ್ತ ಎದುರಿಗೆ ನಿಂತು ಬಲಕ್ಕ ಅಂದ್ರಿ. ನಿಮ್ ಬಲನೋ ನನ್ ಬಲನೋ ಅಂತ ವಿಚಾರ ಮಾಡಾಕ ಹತ್ತಿದ್ದೆ. ಅಷ್ಟರಾಗ ಬಾಲ್ ಬಂದು ಬಡೀತ್ರಿ."

ವಿಮಲಾ ನಕ್ಕು ನಕ್ಕು ಸೌಟು ಕೈಬಿಟ್ಟಳು. ಪದದ ಅರ್ಥವನ್ನು ಮೊದಲು ನಿಷ್ಕರ್ಷಿಸಿ ಆಮೇಲೆ ವಾದ ಹೂಡಬೇಕೆಂದು ಜೀವನವಿಡೀ ಬೋಧಿಸಿದವನು ನಾನು. ನನ್ನ ಬಲವೆಂದರೆ ಅಷ್ಟೇ ಎಂದು ಒಪ್ಪಿಕೊಂಡು ಇನ್ನೊಂದು ಸುತ್ತು ಉಪ್ಪಿಟ್ಟು ಹಾಕಿಸಿಕೊಂಡೆ. ಕೋಚ್‌ಗೆ ಮಾತ್ರ ಈ ವಿಷಯ ಯಾರೂ ಹೇಳಿಲ್ಲ. ಅವರು ಇಂದಿಗೂ ಹೊಸ ಹುಡುಗರನ್ನು ಗೋಲಿನಲ್ಲಿ ಅಲ್ಲಾಡದೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದಾರೆ.

ಇಂಥ ಗೊಂದಲ ಮತ್ತೆ ಆಗಬಾರದೆಂದು ನಾವಿಬ್ಬರೂ ಕೂತು ಒಂದು ಏರ್ಪಾಟು ಮಾಡಿಕೊಂಡೆವು. ಎಡ, ಬಲ ಎಂಬ ಮಾತೇ ಬೇಡ. ನಮ್ಮ ಮೈದಾನದ ಒಂದು ಬದಿಗೆ ಕೆಂಗೇರಿ, ಇನ್ನೊಂದು ಬದಿಗೆ ರಾಜಾಜಿನಗರ. ನಾನು ಎಲ್ಲಿ ನಿಂತರೂ ಅವು ಇದ್ದಲ್ಲೇ ಇರುತ್ತವೆ. ಹೊಸ ಪದ್ಧತಿಯನ್ನು ಮುಂದಿನ ಭಾನುವಾರದ ಸ್ನೇಹಪಂದ್ಯದಲ್ಲೇ ಜಾರಿಗೆ ತಂದೆ. ಎದುರಾಳಿ ನುಗ್ಗುತ್ತಿದ್ದಂತೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, "ಕೆಂಗೇರೀ! ಕೆಂಗೇರಿ ಕೆಂಗೇರಿ ಕೆಂಗೇರೀ!" ಎಂದು ಕೂಗಿದೆ. ಈರಣ್ಣ ಸರಿಯಾದ ಕಡೆಗೆ ಹಾರಿ ಚೆಂಡು ಹಿಡಿದ.

ಬೇಲಿಯಾಚೆ ರಸ್ತೆಯಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಚೀಲ ಎತ್ತಿಕೊಂಡು ಏದುಸಿರು ಬಿಡುತ್ತಾ ನನ್ನ ಬಳಿಗೆ ಓಡಿಬಂದು, "ಉಲ್ಲಾಳದ ಮೇಲೆ ಹೋಗುತ್ತೇನಪ್ಪಾ ನಿನ್ನ ಕೆಂಗೇರಿ ಬಸ್ಸು?" ಎಂದು ಕೇಳಿದರು.